ಬಿಸಾಡಿದ ಚಿಪ್‌ಗಳನ್ನು ಕೇಳಿದವಳು

ಕಂಪ್ಯೂಟರ್ ತಯಾರಿಸುವ ಆ ಕಂಪನಿಯಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಸಂಶಯ ಮೇಡಂ. ಹೊರಗಿನಿಂದ ಬರುವ ಬಿಡಿಭಾಗಗಳನ್ನು ಪರೀಕ್ಷಿಸಿ ಒಳಗೆ ಬಿಡುವುದೇ ಅವಳ ಕೆಲಸ. ಮನೆಯಲ್ಲೂ ಅದೇ ಕಥೆ. "ಬಿಸಿ ಇದೆಯಾ ಅಂತ ನೀನು ಮುಟ್ಟಿ ಮುಟ್ಟಿ ನೋಡೋಷ್ಟರಲ್ಲಿ ಮಗುವಿನ ಹಾಲು ಆರಿ ತಣ್ಣಗಾಗಿರುತ್ತೆ ಕಣೇ," ಎಂದು ಅತ್ತೆ ನಗುತ್ತಿದ್ದರು.

ಆ ದಿನ ಮಾತ್ರ ಅವಳಿಗೆ ಯಾವ ತಮಾಷೆಯೂ ಹಿಡಿಸಲಿಲ್ಲ. ಹೊಸ ಕಂಪ್ಯೂಟರಿನ ಚಿಪ್‌ನ ವಿನ್ಯಾಸ ಕಂಪನಿಯದೇ. ಮಾಡಿಕೊಡಲು ಕಾರ್ಖಾನೆ ಬೇಕಿತ್ತು. ಕೊನೆಗೆ ಉಳಿದವು ಎರಡು. ಒಂದು ದೊಡ್ಡದು, ಹೆಸರುವಾಸಿ. ಇನ್ನೊಂದು ನಿನ್ನೆ ಮೊನ್ನೆ ಕಣ್ಣು ಬಿಟ್ಟಿದ್ದು. ಎರಡೂ ಕಡೆಯ ಮಾದರಿಗಳು ಚೆನ್ನಾಗಿಯೇ ಓಡಿದ್ದವು. ಒಬ್ಬರಿಗೆ ಹೊಂದಿಸಿದ ವಿನ್ಯಾಸ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಒಮ್ಮೆ ಕೈಹಿಡಿದರೆ ವರ್ಷಗಟ್ಟಲೆ ಬಿಡುವ ಹಾಗಿಲ್ಲ.

"ಸಂಜೆಯೊಳಗೆ ಹೇಳಿಬಿಡಮ್ಮ," ಎಂದಿದ್ದರು ಕಂಪನಿಯ ಯಜಮಾನರು. "ಎಡವಟ್ಟಾದ್ರೆ ಜನ ನನ್ನನ್ನ ಹಿಡೀತಾರೆ, ನಾನು ನಿನ್ನನ್ನ ಹಿಡೀತೀನಿ."

ಒಳ್ಳೆಯದನ್ನು ಆರಿಸಿ ಕಳಿಸುವುದು ಯಾರಿಗೆ ಬರುವುದಿಲ್ಲ? ಅದಕ್ಕೇ ಅವಳು ಇಬ್ಬರನ್ನೂ ಒಂದು ವಿಚಿತ್ರ ವಸ್ತು ಕೇಳಿದ್ದಳು: ನೀವು ಕೆಟ್ಟಿದೆ ಅಂತ ಬಿಸಾಡಿದ ಚಿಪ್‌ಗಳನ್ನು ಕಳಿಸಿ. ದೊಡ್ಡವರು ಫೋನಿನಲ್ಲೇ ನಕ್ಕರು: "ಕಸ ಕಳಿಸೋ ಅಭ್ಯಾಸ ನಮಗಿಲ್ಲ ಮೇಡಂ." ಚಿಕ್ಕವರು ಬಣ್ಣಬಣ್ಣದ ಪೊಟ್ಟಣ ಕಟ್ಟಿ ಒಂದು ಡಬ್ಬಿ ತುಂಬ ಕಳಿಸಿದರು.

ಬೆಳಗ್ಗೆಯಿಂದ ಒಂದೊಂದಾಗಿ ಹಾಕಿ ನೋಡಿದಳು. ಎಲ್ಲವೂ ಸತ್ತಿದ್ದವು, ಸರಿ. ನೀಲಿ ಪೊಟ್ಟಣದಲ್ಲಿದ್ದ ಒಂದೇ ಒಂದು ಚಿಪ್ ಮಾತ್ರ ಸಲೀಸಾಗಿ ಓಡಿತು. ಕಾಯಿಸಿ ನೋಡಿದರೂ ಓಡಿತು. ಒಳ್ಳೆಯದನ್ನೇ ಗುರುತಿಸದೆ ಬಿಸಾಡುವವರು ಕೆಟ್ಟದ್ದನ್ನು ಗುರುತಿಸಿಯಾರೇ? ವಾರವಿಡೀ ಅವರ ಪರ ವಾದಿಸಿದವಳು ಇವಳೇ.

ಚಿಕ್ಕ ಕಾರ್ಖಾನೆಯ ಪರೀಕ್ಷಾ ವಿಭಾಗದ ಹಿರಿಯರಿಗೆ ಫೋನ್ ಹಚ್ಚಿದಳು.

"ಸರ್, ನೀವು ಬಿಸಾಡಿದ್ದು ಇಲ್ಲಿ ಓಡ್ತಾ ಇದೆ."

"ಯಾವ ಬಣ್ಣದ್ದಮ್ಮ?"

"ನೀಲಿ."

"ನೀಲಿ ಅಂದ್ರೆ ಚಳಿಗೆ ಕೆಡೋದು. ಅದನ್ನ ಹೆಪ್ಪುಗಟ್ಟೋ ಚಳೀಲಿಟ್ಟು ಆಮೇಲೆ ಆನ್ ಮಾಡಿ. ಅವಸರ ಪಡಬೇಡಿ."

"ಆಗಲೂ ಓಡಿಬಿಟ್ರೆ?"

"ನಮ್ಮನ್ನ ಬಿಟ್ಟುಬಿಡಿ."

ಚಳಿಪೆಟ್ಟಿಗೆಯೊಳಗಿಟ್ಟು ಕೂತಳು. ಫೋನ್ ಬಡಿದುಕೊಂಡಿತು. ಅತ್ತೆ! ಮಗುವಿಗೇನಾಯಿತೋ ಎಂದು ತಟ್ಟನೆ ಎತ್ತಿದಳು.

"ಸಕ್ಕರೆ ಡಬ್ಬಿ ಎಲ್ಲಿಟ್ಟಿದೀಯೇ?"

"ಅಯ್ಯೋ ಅತ್ತೆ, ಮೇಲಿನ ಗೂಡಲ್ಲಿ!"

ಯಜಮಾನರು ಬಾಗಿಲಲ್ಲಿ ಇಣುಕಿದರು. "ಕಸದಲ್ಲಿ ಮಾಣಿಕ್ಯ ಸಿಕ್ತಾ?"

"ಸಿಕ್ಕಿರೋದೇ ಭಯ ಸರ್. ನಿಂತ್ಕೊಳ್ಳಿ."

ಆನ್ ಮಾಡಿದಳು. ಪರದೆ ಕಪ್ಪಗೇ ಉಳಿಯಿತು. ಮತ್ತೊಮ್ಮೆ, ಊಹೂಂ. ಹೊರಗಿಟ್ಟು ಚಳಿ ಬಿಟ್ಟ ಮೇಲೆ ಏನೂ ಆಗದವರ ಹಾಗೆ ಎದ್ದು ಓಡಿತು. ಕಾಯಿಸಿ ನೋಡುವುದಷ್ಟೇ ಇವಳ ರೂಢಿ. ಈ ಚಿಪ್ ಮಾಮೂಲಿ ಮಾಲಿನ ಜೊತೆ ತನ್ನ ಕೈಗೆ ಬಂದಿದ್ದರೆ ಕಣ್ಣು ಮುಚ್ಚಿ ಒಳಗೆ ಬಿಟ್ಟಿರುತ್ತಿದ್ದಳು.

ದೊಡ್ಡವರ ಮಾದರಿಗಳನ್ನೂ ಚಳಿಗಿಟ್ಟಳು. ಅವೆಲ್ಲ ಓಡಿದವು.

"ಮತ್ತಿನ್ನೇನಮ್ಮ?" ಎಂದರು ಯಜಮಾನರು. "ಇಬ್ಬರದೂ ಚೆನ್ನಾಗಿದ್ದ ಮೇಲೆ ದೊಡ್ಡೋರನ್ನ ಬಿಡೋದ್ಯಾಕೆ?"

ಅವಳು ದೊಡ್ಡವರ ಮಾದರಿಗಳನ್ನು ಪಕ್ಕಕ್ಕೆ ಸರಿಸಿದಳು. "ಇವು ಆರಿಸಿ ಕಳಿಸಿದ್ದು ಸರ್. ನಾಳೆ ಏನಾದ್ರೂ ಕೆಟ್ರೆ ಚಿಕ್ಕೋರು ಎಲ್ಲಿ ಕೆಟ್ಟಿದೆ ಅಂತ ಹೇಳ್ತಾರೆ. ದೊಡ್ಡೋರು ನಗ್ತಾರೆ. ನನ್ನ ಒಪ್ಪಿಗೆ ಚಿಕ್ಕೋರಿಗೆ."

ಯಜಮಾನರು ಗಲ್ಲ ಕೆರೆದುಕೊಂಡರು. "ನಿನ್ನ ಮೇಲೆ ಭಾರ ಹಾಕಿದೀನಿ," ಎಂದು ಹೊರಟುಹೋದರು.

ಗೆದ್ದೆ ಅನ್ನಿಸಲಿಲ್ಲ ಅವಳಿಗೆ. ಚಿಕ್ಕ ಕಾರ್ಖಾನೆಯ ಹಿರಿಯರಿಗೆ ಮತ್ತೆ ಫೋನ್ ಒತ್ತಿದಳು.

"ನೀವೇ ಅಂತಾಯ್ತು ಸರ್. ಇನ್ನು ನನ್ನ ಕುತ್ತಿಗೆ ನಿಮ್ಮ ಕೈಲಿದೆ."

"ನಮ್ಮದೂ ನಿಮ್ಮ ಕೈಲಿದೆಯಮ್ಮ," ಎಂದರು ಅವರು. "ಸ್ವಲ್ಪ ಸಡಿಲವಾಗಿ ಹಿಡ್ಕೊಳ್ಳಿ."

"ಅದೊಂದು ಕೇಳ್ಬೇಡಿ ಸರ್," ಎಂದಳು.