ಐದು ಸಲ ತೊಳೆಯುವ ಕಾಲು

ಕೋವಿಡ್ ಮುಗಿದ ಮರುವರ್ಷ ನಾನು ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಮಧುಮೇಹಿಗಳ ಪಾದದ ಗಾಯ ನೋಡುವ ವಿಭಾಗದ ಹಿರಿಯ ನರ್ಸ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಿದ್ದರು, ಅದು ಸುಳ್ಳಲ್ಲ.

ಎಲ್ಲರೂ ಹಮೀದಾಕ ಎಂದು ಕರೆಯುವ ನನ್ನ ರೋಗಿಯೊಬ್ಬರು ಬಂದರಿನಲ್ಲಿ ಒಣಮೀನಿನ ವ್ಯಾಪಾರಿ. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟು ದೃಷ್ಟಿ ಮಂಜಾಗಿತ್ತು. ಪಾದದ ನರಗಳೂ ಸ್ಪರ್ಶ ಕಳೆದುಕೊಂಡಿದ್ದವು. ಇದಕ್ಕೆ ನ್ಯೂರೋಪತಿ ಎನ್ನುತ್ತಾರೆ. ಪರೀಕ್ಷೆಯ ನೈಲಾನ್ ಎಳೆಯನ್ನು ಅಂಗಾಲಿನ ಹತ್ತು ಕಡೆ ಒತ್ತಿದರೆ ಎರಡೇ ಕಡೆ ತಿಳಿಯಿತು. ಎಡಗಾಲಿನ ಬೆರಳ ಸಂದಿಯಲ್ಲಿ ನೀರಿನ ಪಸೆ ಆರದೆ ಹುಣ್ಣಾಗಿತ್ತು. ಸೋಂಕು ಏರಿದರೆ ಕಾಲನ್ನೇ ತೆಗೆಯಬೇಕಾಗುತ್ತಿತ್ತು.

“ಕಾಲಿಗೆ ನೀರು ತಾಗಿಸಲೇಬಾರದು, ಗೊತ್ತಾಯ್ತಾ?” ಎಂದು ಗದರಿದೆ. ತಲೆಯಾಡಿಸಿ ಹೋದವರು ಮೂರು ವಾರ ಬರಲಿಲ್ಲ.

ಫೋನ್ ಮಾಡಿದಾಗ ಸಿಕ್ಕಿದ್ದು ಹೆಂಡತಿ ಜೈನಬಿ. “ಎಂತ ಮಾಡುದು ಸಿಸ್ಟರ್? ನಮಾಜಿಗೆ ಮೊದಲು ವುಝೂ ಮಾಡ್ಬೇಕಲ್ಲ, ದಿನಕ್ಕೆ ಐದು ಸಲ ಕಾಲು ತೊಳೀಬೇಕು. ನೀವು ಬೇಡ ಹೇಳಿದ್ರಿ. ಇವ್ರು ತೊಳೀತಾರೆ, ನಿಮ್ಮ ಬೈಗುಳಕ್ಕೆ ಹೆದರಿ ಬರುದಿಲ್ಲ.”

ಕಪಾಳಕ್ಕೆ ಹೊಡೆದ ಹಾಗಾಯಿತು. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಆದರೂ ಕೇಳಬೇಕೆಂದು ನನಗೆ ತೋಚಿರಲಿಲ್ಲ.

ಬೈಯುವುದಿಲ್ಲ ಎಂದು ಮಾತು ಕೊಟ್ಟು ಮರುದಿನವೇ ಕರೆಸಿದೆ. ಕಿರುಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಗಾಯ ಮಾಯುವ ತನಕ ಕಟ್ಟಿನ ಮೇಲೆ ಒದ್ದೆ ಕೈ ಸವರಿದರೆ ಸಾಕೆಂದು ಜೈನಬಿ ಮಸೀದಿಯ ಉಸ್ತಾದರಲ್ಲಿ ಕೇಳಿ ಬಂದರು. ಮಾಯ್ದ ಮೇಲೆ ತೊಳೆಯಲಿ, ಆದರೆ ಪ್ರತಿ ಸಲ ಸಂದಿಗಳನ್ನು ಒರೆಸಿ ಅಂಗಾಲು ನೋಡಬೇಕು ಎಂದೆ. ಹಮೀದಾಕನಿಗೆ ಕಾಣಿಸದ್ದರಿಂದ ಜೈನಬಿಯೇ ನೋಡಬೇಕಿತ್ತು.

“ಛೆ, ಇವಳ ಕೈಯಲ್ಲಿ ಕಾಲು ಒರೆಸಿಕೊಳ್ಳುದಾ? ನಾಚಿಕೆ ಆಗ್ತದೆ ಸಿಸ್ಟರ್.” ಹಮೀದಾಕ ಪಾದ ಹಿಂದಕ್ಕೆಳೆದುಕೊಂಡರು.

“ಮದುವೆಯಾಗಿ ನಲವತ್ತು ವರ್ಷ ಆಯ್ತು, ಇನ್ನೆಂತ ನಾಚಿಕೆ? ಕೊಡಿ ಇಲ್ಲಿ” ಎಂದು ಜೈನಬಿ ಆ ಕಾಲನ್ನು ಮಡಿಲಿಗೆ ಎಳೆದುಕೊಂಡು ಟವೆಲಿನಿಂದ ಒಂದೊಂದೇ ಬೆರಳು ಒರೆಸಿದರು. ನನ್ನ ಕಣ್ಣು ತುಂಬಿ ಬಂತು.

ನಾಲ್ಕು ತಿಂಗಳ ಬಳಿಕ ಇಬ್ಬರೂ ಹೇಳದೆ ಕೇಳದೆ ಬಂದರು. “ಬಲಗಾಲಿನ ಹಿಮ್ಮಡಿಯಲ್ಲಿ ಸಾಸಿವೆಯಷ್ಟು ಕೆಂಪು ಉಂಟು, ಸಿಸ್ಟರ್. ಬೆಳಿಗ್ಗೆಯ ನಮಾಜಿಗೆ ಇರ್ಲಿಲ್ಲ, ಮಧ್ಯಾಹ್ನಕ್ಕೆ ಉಂಟು” ಎಂದರು ಜೈನಬಿ. ನೋಡಿದರೆ ಮೀನಿನ ಮುಳ್ಳು. ಹಮೀದಾಕನಿಗೆ ಅದು ಚುಚ್ಚಿದ್ದೇ ಗೊತ್ತಿರಲಿಲ್ಲ. ತೆಗೆದೆವು, ಎರಡು ಡ್ರೆಸ್ಸಿಂಗ್‌ನಲ್ಲಿ ವಾಸಿಯಾಯಿತು.

ನಾವು ತಿಂಗಳಿಗೊಮ್ಮೆ ನೋಡುವ ಪಾದವನ್ನು ಆಕೆ ದಿನಕ್ಕೆ ಐದು ಸಲ ನೋಡುತ್ತಿದ್ದರು. ನಾನು ನಿಲ್ಲಿಸಲು ಹೊರಟ ಪದ್ಧತಿಯೇ ಆ ಕಾಲನ್ನು ಕಾಪಾಡಿತು. ಬೇಡ ಎನ್ನುವ ಮೊದಲು ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಬೇಕು. ಮೂವತ್ತನಾಲ್ಕು ವರ್ಷದ ನೌಕರಿಯ ಕೊನೆಯಲ್ಲಿ ಇದನ್ನು ನನಗೆ ಕಲಿಸಿದವರು ಜೈನಬಿ.