ಬೀಗರ ಊಟದ ಕರೆಗೆ ಕೋಳಿ ಕಾಲು

ಸ್ನೇಹಿತರೆ, ಭಾನುವಾರ ಗುಬ್ಬಿಯ ನಮ್ಮ ಮನೆಯಲ್ಲಿ ಮಗನ ಮದುವೆಯ ಬೀಗರ ಊಟ. ಮೊಬೈಲ್ ಆಪ್‌ನಲ್ಲಿ ಇಮೋಜಿ ಸಮೇತ ಸಿದ್ಧವಾಗಿದ್ದ ಆಹ್ವಾನವನ್ನು ಇವತ್ತು ಬೆಳಿಗ್ಗೆ ಎಲ್ಲರಿಗೂ ಶೇರ್ ಮಾಡಿದೆ. ಕೊನೆಯಲ್ಲಿ ಕೋಳಿ ಕಾಲಿತ್ತು 🍗. ಚೆನ್ನಾಗಿದೆ ಎಂದು ಹಾಗೇ ಬಿಟ್ಟೆ.

ಕುಣಿಗಲ್‌ನಿಂದ ಸೊಸೆಯ ಅಪ್ಪ ಫೋನ್ ಮಾಡಿದರು. "ಏನ್ ಬೀಗ್ತಿಯವ್ರೇ, ನಮ್ಗೆ ಬರೀ ಕೋಳಿನಾ? ಮರಿ ಕುಯ್ಯಲ್ವಾ? ನೆಂಟ್ರೆಲ್ಲ ಕೇಳ್ತಾವ್ರೆ."

ಮರಿ ಕೊಯ್ಯದೆ ಬೀಗರಿಗೆ ಎಲೆ ಹಾಕಿದ ಮನೆಯಲ್ಲ ನಮ್ಮದು. ಮೈಯೆಲ್ಲ ಉರಿಯಿತು.

ಸೊಸೆ ಮೆಲ್ಲಗೆ, "ಅತ್ತೆ, ಕೋಳಿ ಅಳ್ಸಿ ಕುರಿ ಹಾಕಿ. ಅಪ್ಪ ಸುಮ್ನಾಗ್ತಾರೆ" ಅಂದಳು.

"ಕೋಳಿ ಯಾಕೆ ಅಳ್ಸಬೇಕು? ಅದೂ ಇರ್ತದೆ ಕಣೇ" ಎಂದು 🐑🐑🐑🍗 ಕಳಿಸಿದೆ.

ಬೀಗರು 👍 ಒಂದನ್ನೇ ಒತ್ತಿದರು. ಭಾನುವಾರ ಆ ಹೆಬ್ಬೆರಳನ್ನು ಅವರು ನೆಕ್ಕುವವರೆಗೂ ಎಲೆ ಮುಂದಿನಿಂದ ಏಳಲು ಬಿಡುವುದಿಲ್ಲ.