ಬಸಳೆ ಬುಡದ ಮಣ್ಣು

ಕಾಪುವಿಗೆ ಬಂದ ಮರುದಿನ ಅಂಗಳದ ಮೂಲೆಯಲ್ಲಿ ಹಾರೆ ಹಾಕಿದೆ. ಶಬ್ದವೇ ಬರಲಿಲ್ಲ. ನೀರಿಗೆ ಕೋಲು ಇಳಿಸಿದ ಹಾಗೆ ಹಾರೆ ಸುಮ್ಮನೆ ಇಳಿಯಿತು. ಮಕ್ಕಳೇ, ಅಜೆಕಾರಿನ ನಮ್ಮ ಮನೆಯಲ್ಲಿ ಒಂದು ಗೇಣು ಅಗೆಯುವುದರೊಳಗೆ ಮುರಕಲ್ಲು ಠಣ್ ಎನ್ನುತ್ತದಲ್ಲ, ಆ ಶಬ್ದ ಕೇಳುತ್ತಲೇ ನಾನು ಮುದುಕಿಯಾದವಳು. ಇಲ್ಲಿ ಎಷ್ಟು ಅಗೆದರೂ ಹೊಯಿಗೆ, ಬರೀ ಕಡಲ ಮರಳು. ತೋಡಿದ ಗುಂಡಿ ನೋಡುತ್ತಿದ್ದಂತೆಯೇ ಜಾರಿ ಮುಚ್ಚಿಕೊಳ್ಳುತ್ತದೆ.

ನಿಮ್ಮ ಅತ್ತೆ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವಾಗ ಅವಳ ಮಗುವನ್ನು ನೋಡಿಕೊಳ್ಳಲು ನಾನು ಬಂದದ್ದು ನಿಮಗೆ ಗೊತ್ತು. ಚೀಲದಲ್ಲಿ ಒಂದು ಬಸಳೆ ದಂಟನ್ನೂ ತಂದದ್ದು ಗೊತ್ತಿರಲಿಕ್ಕಿಲ್ಲ. ನಿಮ್ಮ ಅಜ್ಜ ಚಪ್ಪರ ಕಟ್ಟಿ ಹಬ್ಬಿಸಿದ ಕೆಂಪು ಬಸಳೆ ಅದು. ಊರಿನ ಅಂಗಳಕ್ಕೆ ಸಿಮೆಂಟು ಹಾಕಿಸುವಾಗ ಚಪ್ಪರ ಕಿತ್ತರು. ಉಳಿದದ್ದು ಆ ದಂಟು ಮಾತ್ರ.

ಊರಿನ ಕ್ರಮದಲ್ಲೇ ನೆಟ್ಟೆ. ನಮ್ಮಲ್ಲಿ ಮಣ್ಣು ತೆಳು, ಅಡಿಯಲ್ಲಿ ಕಲ್ಲು. ಮಳೆಗಾಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ದಿಣ್ಣೆ ಮಾಡಿ ನೆಡುತ್ತೇವೆ. ಇಲ್ಲಿಯೂ ಹೊಯಿಗೆ ಗುಡ್ಡೆ ಹಾಕಿದೆ. ಬೆಳಿಗ್ಗೆ ಹೊಯ್ದ ನೀರು ಮಗುವಿಗೆ ಗಂಜಿ ಉಣಿಸಿ ಬರುವಷ್ಟರಲ್ಲಿ ಇಂಗಿ ಹೋಗಿರುತ್ತಿತ್ತು. ಎಲೆ ಬಾಡಿ ಉದುರಿತು, ದಂಟು ಸುಕ್ಕಾಯಿತು. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಈ ಕೇರಿಯಲ್ಲಿ ಎಲ್ಲರ ಮಾತೂ ಜೋರು. ನನ್ನ ಸ್ವರ ಜಗಲಿ ಇಳಿಯುವುದಿಲ್ಲ.

ಕೊನೆಗೆ ನೆರೆಮನೆಯ ಗಿರಿಜಕ್ಕನೇ ಬಂದರು. ಮೀನು ಮಾರಿ ಬಂದ ಬುಟ್ಟಿ ಇನ್ನೂ ಸೊಂಟದಲ್ಲಿತ್ತು.

“ಎಂತ ಅಕ್ಕ ಇದು, ಬಸಳೆಗೆ ಗೋರಿ ಕಟ್ಟಿದ್ದೀರಾ?”

“ನಮ್ಮಲ್ಲಿ ಹೀಗೇ ನೆಡುವುದು.”

“ನಿಮ್ಮಲ್ಲಿ ಅಡಿಯಲ್ಲಿ ಕಲ್ಲು ಉಂಟು. ಇಲ್ಲಿ ನೀರು ಹಿಡಿಯಲಿಕ್ಕೆ ಎಂತ ಉಂಟು? ಕೆಳಗೆ ಇಳಿಸಿ ಮಾರಾಯ್ರೆ, ಕೆಳಗೆ!”

ಇಬ್ಬರೂ ಸೇರಿ ಗುಂಡಿ ತೋಡಿ, ತಳಕ್ಕೆ ತೆಂಗಿನ ಸಿಪ್ಪೆ ಹಾಸಿದೆವು. ಅದು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಮೇಲೆ ಸೆಗಣಿ ಗೊಬ್ಬರ, ಬೂದಿ, ಗದ್ದೆಯ ಜಿಗುಟು ಮಣ್ಣು. ಬರೀ ಗದ್ದೆಮಣ್ಣಾದರೆ ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತದೆ. ಹೊಯಿಗೆ ಬೆರೆತರೆ ಬೇರಿಗೆ ಸಲೀಸು. ಸಂಜೆ ಮೀನು ತೊಳೆದ ನೀರು. ದಂಟಿನ ಒಂದೇ ಒಂದು ಗೆಣ್ಣಿನಲ್ಲಿ ಜೀವ ಉಳಿದಿತ್ತು. ಅಲ್ಲಿ ಕೆಂಪು ಚಿಗುರು ಕಂಡ ದಿನ ಬೇಲಿಯ ಬಳಿ ಓಡಿ ಕೂಗಿದೆ: “ಗಿರಿಜಕ್ಕಾ, ಬದುಕಿತು!”

“ಸ್ವರ ಉಂಟಲ್ವಾ ನಿಮಗೆ!” ಎಂದರು ಅವರು ಒಳಗಿನಿಂದಲೇ.

ಈಗ ಚಪ್ಪರ ತುಂಬಿದೆ. ಬಸಳೆಗೆ ಸಿಗಡಿ ಹಾಕಿ ಪದಾರ್ಥ ಮಾಡಿದಾಗ ಒಂದು ಪಾಲು ಬೇಲಿ ದಾಟುತ್ತದೆ.

ಮೊನ್ನೆ ಊರಿಗೆ ಬಂದಾಗ ಅದರದೇ ದಂಟು ತಂದು ನಿಮ್ಮ ಬಾವಿಯ ಪಕ್ಕ ನೆಡಲು ಹೊರಟೆನಲ್ಲ, ನಿಮ್ಮಮ್ಮ ನಕ್ಕಳು: “ಎಂತ ಅತ್ತೆ, ಗುಂಡಿ ತೋಡುವುದಾ? ಮಳೆಗೆ ಕೊಳೆಯುವುದಿಲ್ವಾ?” ನೋಡಿದರೆ ಹೌದು, ಕೈ ತನ್ನಷ್ಟಕ್ಕೇ ಕಾಪುವಿನ ಗುಂಡಿ ತೋಡುತ್ತಿತ್ತು. ಅದನ್ನು ಮುಚ್ಚಿ, ದಿಣ್ಣೆ ಏರಿಸಿ ನೆಟ್ಟಿದ್ದೇನೆ. ಮಳೆಗೆ ದಿಣ್ಣೆ ಕರಗಿದರೆ ಮತ್ತೆ ಮಣ್ಣು ಏರಿಸಿ.

ಗುಂಡಿ ತೋಡುವಾಗ ಹಾರೆ ಮುರಕಲ್ಲಿಗೆ ತಾಗಿ ಠಣ್ ಎಂದಿತ್ತು. ನಿಮ್ಮಲ್ಲಿ ಯಾರೂ ತಿರುಗಿ ನೋಡಲಿಲ್ಲ. ಬೆಚ್ಚಿದವಳು ನಾನೊಬ್ಬಳೇ.